ಸಿಂದಿ ಗರಿಯ ಕಸಬರಿಗೆ ಬಾಳಿಕೆ ಬರಬೇಕಾದರೆ ಮೊದಲು ಕೊರಳು ನೋಡಿ

ಪ್ರಶ್ನೆ: ನಾವು ಸೇಡಂ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳು ಸೇರಿ ಸ್ವಸಹಾಯ ಸಂಘ ನಡೆಸುತ್ತಿದ್ದೇವೆ. ಪೇಟೆಯಿಂದ ತಂದ ಹುಲ್ಲಿನ ಕಸಬರಿಗೆ ನಮ್ಮ ಫರಸಿ ನೆಲದ ಮೇಲೆ ಮೂರು ತಿಂಗಳೂ ತಾಳುವುದಿಲ್ಲ. ಪ್ಲಾಸ್ಟಿಕ್ ಹಿಡಿಕೆ ಸೀಳುತ್ತದೆ, ಎಳೆಗಳು ಕಿತ್ತು ಬರುತ್ತವೆ. ನಮ್ಮೂರ ಹಳ್ಳದ ದಂಡೆಯಲ್ಲಿ ಸಿಂದಿ (ಈಚಲು) ಗಿಡಗಳು ಸಾಕಷ್ಟಿವೆ. ಅವುಗಳ ಗರಿಯಿಂದ, ನಿಂತುಕೊಂಡೇ ಗುಡಿಸಬಹುದಾದ, ಒಂದು ವರ್ಷವಾದರೂ ಬಾಳುವ ಕಸಬರಿಗೆಯನ್ನು ನಾವೇ ಮಾಡಿ ದೀಪಾವಳಿಗೆ ಮಾರಬೇಕೆಂದಿದ್ದೇವೆ. ಅದರ ರಚನೆ ಹೇಗಿರಬೇಕು? ಇದಕ್ಕೆ ಯಂತ್ರ ಕೊಳ್ಳಬೇಕೇ?

ಉತ್ತರ: ನಿಮ್ಮ ಪತ್ರ ಓದಿದ ಮೇಲೆ ನಮ್ಮ ಹಿತ್ತಲ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಸಬರಿಗೆಯೊಂದನ್ನು ತಂದು ಅಂಗಳದಲ್ಲಿ ಕುಳಿತು ಬಿಚ್ಚಿದೆ. ನೀವೂ ಹೊಸದನ್ನು ಕಟ್ಟುವ ಮೊದಲು ಕೆಟ್ಟುಹೋದ ಎರಡು ಮೂರನ್ನು ಹೀಗೆ ಬಿಚ್ಚಿ ನೋಡಬೇಕೆಂಬುದು ನನ್ನ ಮೊದಲ ಸಲಹೆ. ನನಗೆ ಕಂಡದ್ದು ಇಷ್ಟು: ನೆಲಕ್ಕೆ ಉಜ್ಜುವ ತುದಿಗಳು ಸವೆದಿದ್ದವೇ ಹೊರತು ಅಂಥ ಕೆಟ್ಟ ಸ್ಥಿತಿಯಲ್ಲಿರಲಿಲ್ಲ. ಮುರಿದ ಎಳೆಗಳನ್ನು ಆಯ್ದು ಒಂದರ ಪಕ್ಕ ಒಂದು ಜೋಡಿಸಿದಾಗ ಬಹುಪಾಲು ಒಂದೇ ಮಟ್ಟದಲ್ಲಿ, ಅಂದರೆ ಕಟ್ಟಿನ ಕೊನೆಯ ಸುತ್ತು ಮುಗಿದು ಎಳೆಗಳು ಹೊರಗೆ ಹರಡುವ ಕೊರಳಿನ ಜಾಗದಲ್ಲಿಯೇ ತುಂಡಾಗಿದ್ದವು. ಮುರಿಯದೆ ಕಿತ್ತು ಬಂದಿದ್ದ ಎಳೆಗಳು ಹೆಚ್ಚಾಗಿ ನಡುವಿನವು. ಅವುಗಳ ಬುಡ ಒಂದಕ್ಕೊಂದು ತಿಕ್ಕಾಡಿ ನುಣುಪಾಗಿತ್ತು, ಸಂದುಗಳಲ್ಲಿ ಕರಿಮಣ್ಣಿನ ನಯವಾದ ಪುಡಿ ತುಂಬಿತ್ತು. ಕಸಬರಿಗೆ ಕೆಡುವುದು ಕೊರಳಲ್ಲಿ. ಆದ್ದರಿಂದ ಗಟ್ಟಿ ಕಸಬರಿಗೆ ಬೇಕೆಂದು ಎಳೆಗಳ ಸಂಖ್ಯೆಯನ್ನೋ ದಪ್ಪವನ್ನೋ ಹೆಚ್ಚಿಸಿದರೆ ಕಸಬರಿಗೆ ಭಾರವಾಗುತ್ತದೆಯೇ ವಿನಾ ಅದರ ಆಯುಷ್ಯ ಹೆಚ್ಚುವುದಿಲ್ಲ.

ಹೊಸ ಹುಲ್ಲಿನ ಕಸಬರಿಗೆಯಿಂದ ಮೊದಲ ಕೆಲವು ದಿನ ಉದುರುವ ಹೂವಿನ ಪುಡಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಹುಲ್ಲಿನ ತೆನೆಯ ಸ್ವಭಾವ. ಬಳಸುವ ಮೊದಲು ಹೊರಗೆ ಕೊಡವಿ, ಬಾಚಿ, ಒಮ್ಮೆ ನೀರಿನಲ್ಲಿ ಅದ್ದಿ ಒಣಗಿಸಿದರೆ ಮುಗಿಯಿತು.

ಕೊರಳಿನಲ್ಲೇ ಏಕೆ ಮುರಿಯುತ್ತದೆ ಎಂಬುದಕ್ಕೆ ಕಾರಣ ಸರಳವಾಗಿದೆ. ಒಂದು ತುದಿಯನ್ನು ಬಿಗಿಯಾಗಿ ಹಿಡಿದು ಇನ್ನೊಂದು ತುದಿಯನ್ನು ಬಗ್ಗಿಸಿದ ಯಾವುದೇ ಕಡ್ಡಿಯಲ್ಲಿ ಅತಿ ಹೆಚ್ಚು ಒತ್ತಡ ಬೀಳುವುದು ಹಿಡಿದ ಜಾಗದಲ್ಲಿ, ಮತ್ತು ಆ ಹಿಡಿತದ ಅಂಚು ಎಷ್ಟು ಚೂಪಾಗಿ ಮುಗಿಯುತ್ತದೆಯೋ ಅಷ್ಟೂ ಒತ್ತಡ ಒಂದೇ ಗೆರೆಯ ಮೇಲೆ ಕೂಡುತ್ತದೆ. ಪೇಟೆಯ ಕಸಬರಿಗೆಯಲ್ಲಿ ಪ್ಲಾಸ್ಟಿಕ್ ಕೊಳವೆಯ ಬಾಯಿ ಇಂಥ ಚೂಪು ಅಂಚೇ ಆಗಿರುತ್ತದೆ. ಅದರ ಮೇಲೆ, ಅಂಗಳದಲ್ಲಿ ಒರಗಿಸಿಟ್ಟ ಅಗ್ಗದ ಪ್ಲಾಸ್ಟಿಕ್ಕು ಬಿಸಿಲಿನ ನೇರಳಾತೀತ ಕಿರಣಗಳಿಗೆ ಪೆಡಸಾಗುತ್ತದೆ. ಕಲಬುರಗಿಯ ಬೇಸಿಗೆ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ನೀವು ಕಂಡ ಸೀಳು ಹೀಗೆಯೇ ಹುಟ್ಟಿದ್ದಿರಬೇಕು. ಇನ್ನೊಂದು ಸಂಗತಿಯೂ ಇದೆ. ಎಳೆಯ ಬಿರುಸು ಅದರ ಉದ್ದದ ಘನಕ್ಕೆ ವಿಲೋಮವಾಗಿರುತ್ತದೆ. ಅಂದರೆ 18 ಅಂಗುಲವಿದ್ದ ಎಳೆ ಸವೆದು 12 ಅಂಗುಲಕ್ಕೆ ಬಂದಾಗ ಅದು ಮೊದಲಿಗಿಂತ ಸುಮಾರು 3.4 ಪಟ್ಟು ಬಿರುಸಾಗುತ್ತದೆ. ಬಿರುಸಾದ ಎಳೆ ಬಾಗುವುದಿಲ್ಲ, ಕೊರಳನ್ನು ಮೀಟುತ್ತದೆ. ಆರು ತಿಂಗಳಲ್ಲಿ ನಿಧಾನವಾಗಿ ಸವೆದ ಕಸಬರಿಗೆ ಕೊನೆಯ ಹದಿನೈದು ದಿನಗಳಲ್ಲಿ ಒಮ್ಮೆಲೇ ಬೋಳಾಗುವುದು ಇದರಿಂದಲೇ.

ಇಲ್ಲಿ ಲಾರಿಯ ಕಮಾನು ಪಟ್ಟಿಯನ್ನು ನೆನಪಿಸಿಕೊಳ್ಳಿ. ಒಂದೇ ದಪ್ಪ ಪಟ್ಟಿಯನ್ನು ಹಾಕದೆ, ಉದ್ದ, ಅದಕ್ಕಿಂತ ಗಿಡ್ಡ, ಇನ್ನೂ ಗಿಡ್ಡ ಎಂದು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಬಗ್ಗುವ ಒತ್ತಡ ಬುಡದಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ ಇರುವುದರಿಂದ ಬುಡದಲ್ಲಿ ಪಟ್ಟಿಗಳು ಹೆಚ್ಚು, ತುದಿಯಲ್ಲಿ ಒಂದೇ. ನಿಮ್ಮ ಕಸಬರಿಗೆಯನ್ನೂ ಇದೇ ಕ್ರಮದಲ್ಲಿ ಕಟ್ಟಬಹುದು, ಮತ್ತು ಸಿಂದಿ ಗರಿ ಅದಕ್ಕೆ ಹೇಳಿ ಮಾಡಿಸಿದ ವಸ್ತು. ಒಂದೇ ಎಲೆಯನ್ನು ಎರಡು ಮೂರು ಸೀಳಾಗಿ ಸೀಳಿದರೆ ಬಿರುಸು ಎಳೆ ಸಿಗುತ್ತದೆ. ಮೊಳೆ ಬಡಿದ ಹಲಗೆಯ ಮೇಲೆ ಎಳೆದು ಸಣ್ಣಗೆ ಬಾಚಿದರೆ ಕೂದಲಿನಂಥ ನಯವಾದ ಎಳೆ ಸಿಗುತ್ತದೆ. ಬಿರುಸಿನದು ಒಳಗೆ ಗಿಡ್ಡವಾಗಿ, ನಯವಾದದ್ದು ಹೊರಗೆ ಉದ್ದವಾಗಿ ಇರಬೇಕು. ನಿಮ್ಮ ನೆಲಕ್ಕೂ ಇದೇ ಸರಿ. ಶಹಾಬಾದ ಫರಸಿ ಪದರು ಪದರಾಗಿ ಏಳುವ ಸುಣ್ಣಕಲ್ಲು. ಹೊಳಪು ಕೊಡದೆ ಹಾಸಿದ ನೆಲದಲ್ಲಿ ಏರುತಗ್ಗುಗಳೂ ಕಲ್ಲಿನಿಂದ ಕಲ್ಲಿಗೆ ಸಂದುಗಳೂ ಇರುತ್ತವೆ. ಸಂದಿನಿಂದ ತೊಗರಿ ಸಿಪ್ಪೆಯನ್ನು ಎಬ್ಬಿಸಲು ಬಿರುಸು ಬೇಕು, ನುಣುಪು ಧೂಳನ್ನು ಕೂಡಿಸಲು ನಯ ಬೇಕು. ಪೇಟೆಯ ಹುಲ್ಲಿನ ಕಸಬರಿಗೆ, ಮೇಘಾಲಯ ಮೊದಲಾದ ಈಶಾನ್ಯದ ಗುಡ್ಡಗಾಡಿನಲ್ಲಿ ಬೆಳೆಯುವ ಹುಲ್ಲಿನ ತೆನೆಯಿಂದ ಆದದ್ದು, ನುಣುಪು ನೆಲಕ್ಕೆ ಒಳ್ಳೆಯದೇ. ಒರಟು ಫರಸಿಯ ಮೇಲೆ ಅದನ್ನು ಒತ್ತಿ ಒತ್ತಿ ಗುಡಿಸಬೇಕಾಗುತ್ತದೆ, ಒತ್ತಿದಷ್ಟೂ ಕೊರಳಿಗೆ ಏಟು.

ಗರಿ ಕಡಿಯುವ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಗಿಡ ಯಾರ ಹೊಲದ ಬದುವಿನಲ್ಲಿದೆಯೋ ಅವರನ್ನು ಕೇಳಿ, ಹಳ್ಳದ ದಂಡೆಯಾದರೆ ಪಂಚಾಯಿತಿಯನ್ನು ಕೇಳಿ. ಸುಳಿಯನ್ನು ಮುಟ್ಟಬಾರದು, ಕೆಳಗಿನ ಬಲಿತ ಗರಿಗಳಲ್ಲಿ ಕೆಲವನ್ನು ಮಾತ್ರ ತೆಗೆಯಬೇಕು. ಗರಿಯ ಬುಡದಲ್ಲಿ ಎಲೆಗಳೇ ಮುಳ್ಳಾಗಿ ಬೆಳೆದಿರುತ್ತವೆ, ಅವು ನಟ್ಟರೆ ಕೀವಾಗುತ್ತದೆ, ಆದ್ದರಿಂದ ಮೊದಲು ಮುಳ್ಳನ್ನು ಸವರಿ ಆಮೇಲೆ ಹೊರೆ ಕಟ್ಟಿ. ಸೀಳುವ, ಬಾಚುವ ಕೈಚಳಕವನ್ನು ನಾನು ಬರೆದು ಕಲಿಸಲಾರೆ. ನಮ್ಮ ಕಡೆ ತಲೆಮಾರುಗಳಿಂದ ಈ ಕೆಲಸ ಮಾಡಿಕೊಂಡು ಬಂದಿರುವವರು ಕೊರವ ಸಮುದಾಯದ ಹೆಣ್ಣುಮಕ್ಕಳು. ಅಂಥ ಹಿರಿಯರೊಬ್ಬರನ್ನು ಕರೆದು, ಕೂಲಿಯ ಲೆಕ್ಕದಲ್ಲಿ ಅಲ್ಲದೆ ಗುರುಗಳಿಗೆ ಕೊಡುವ ಗೌರವಧನ ಕೊಟ್ಟು ಕಲಿಯಿರಿ. ಸಾಧ್ಯವಾದರೆ ಸಂಘಕ್ಕೇ ಸೇರಿಸಿಕೊಳ್ಳಿ, ಏಕೆಂದರೆ ನಾಳೆ ಸಂತೆಯಲ್ಲಿ ನೀವು ಮಾರುವುದು ಅವರ ಬುಟ್ಟಿಯ ಪಕ್ಕದಲ್ಲೇ.

ಈಗ ಋತುವಿನ ಮಾತು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹಲವು ವರ್ಷಗಳ ಹಿಂದೆ ಶ್ರಾವಣದಲ್ಲಿ ಬಿಡುವಿತ್ತೆಂದು ಒಂದು ಡಜನ್ ಕಸಬರಿಗೆಗಳನ್ನು ಬಹಳ ಅಚ್ಚುಕಟ್ಟಾಗಿ ಕಟ್ಟಿ ನೆಂಟರಿಷ್ಟರಿಗೆ ಹಂಚಿದ್ದೆ. ಸಂಕ್ರಾಂತಿ ಕಳೆದು ಬಿಸಿಲೇರುತ್ತಿದ್ದಂತೆ ಒಂದೊಂದಾಗಿ ದೂರುಗಳು ಬಂದವು. ನನ್ನ ತಂಗಿಯ ಮನೆಯಲ್ಲಿದ್ದ ಕಸಬರಿಗೆಯ ಕಟ್ಟಿನೊಳಗೆ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು. ಮಳೆಗಾಲದ ಗಾಳಿಯಲ್ಲಿ ತೇವ ಹೀರಿ ಉಬ್ಬಿದ್ದ ಎಳೆಗಳನ್ನು ನಾನು ಬಿಗಿದಿದ್ದೆ. ಬೇಸಿಗೆಯಲ್ಲಿ ಅವು ಒಣಗಿ ಸೊರಗಿದವು, ಕಟ್ಟು ಮಾತ್ರ ಅಷ್ಟೇ ಅಗಲ ಉಳಿಯಿತು. ಇದಕ್ಕೆ ತಿರುಗುಮುರುಗಾಗಿ ಮಾಡಬೇಕು. ನಮ್ಮ ಸೀಮೆಯಲ್ಲಿ ಗಾಳಿ ಅತ್ಯಂತ ಒಣಗಿರುವ ಮಾರ್ಚ್‌ನಿಂದ ಮೇ ತಿಂಗಳ ನಡುವೆ, ಎಳೆ ಎಷ್ಟು ಸೊರಗಬಹುದೋ ಅಷ್ಟು ಸೊರಗಿರುವಾಗ ಕಟ್ಟಿದರೆ, ಮಳೆಗಾಲದಲ್ಲಿ ಅದು ಉಬ್ಬಿ ತನ್ನ ಕಟ್ಟನ್ನು ತಾನೇ ಬಿಗಿದುಕೊಳ್ಳುತ್ತದೆ, ಮುಂದಿನ ಬೇಸಿಗೆಯಲ್ಲಿ ಮರಳಿ ಹೆಚ್ಚೆಂದರೆ ಕಟ್ಟಿದ ದಿನದ ಸ್ಥಿತಿಗೆ ಬರುತ್ತದೆ. ಅಂದರೆ ದೀಪಾವಳಿಗೆ ಮಾರುವ ಸರಕನ್ನು ಯುಗಾದಿಯ ಆಸುಪಾಸಿನಲ್ಲೇ ಕಟ್ಟಲು ಶುರುಮಾಡಬೇಕು. ದಸರೆಯಲ್ಲಿ ಅವಸರದಿಂದ ಕಟ್ಟಿದ್ದು ಹೋಳಿ ಹುಣ್ಣಿಮೆಗೆ ಸಡಿಲವಾಗುತ್ತದೆ.

ಹಾಗೆಂದು ಒಣಗಿದ ಎಲೆಯನ್ನು ಸೀಳಲು ಹೋಗಬೇಡಿ, ಅದು ಪುಡಿಯಾಗುತ್ತದೆ. ಕಡಿದ ಗರಿಯನ್ನು ಒಂದು ದಿನ ಬಿಸಿಲಿಗೆ ಬಾಡಿಸಿ, ಇನ್ನೂ ಅರೆಹಸಿಯಾಗಿ ಇರುವಾಗಲೇ ಸೀಳಿ ಬಾಚಿ ಮುಗಿಸಿ, ಆಮೇಲೆ ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಿ. ಒಣಗಿತೇ ಇಲ್ಲವೇ ಎಂದು ಕೈಯಿಂದ ಮುಟ್ಟಿ ಹೇಳುವುದು ಕಷ್ಟ. ಒಂದು ಸಿವುಡನ್ನು, ಅಂದರೆ ಸಣ್ಣ ಕಟ್ಟನ್ನು, ಗುರುತು ಮಾಡಿಟ್ಟು ದಿನಾ ಒಂದೇ ಹೊತ್ತಿಗೆ ಕಿರಾಣಿ ಅಂಗಡಿಯ ಕಾಟಾದಲ್ಲಿ ತೂಗಿ. ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಒಣಗಿದೆ ಎಂದರ್ಥ.

ಕಟ್ಟುವಾಗ ಎಲ್ಲ ಎಳೆಗಳನ್ನೂ ಒಂದೇ ದೊಡ್ಡ ಹಿಡಿಯಾಗಿ ಹಿಡಿದು ಬಿಗಿಯುವುದು ನಾವೆಲ್ಲ ಮಾಡುವ ತಪ್ಪು. ಸುತ್ತಿದ ದಾರ ಒಳಮುಖವಾಗಿ ಒತ್ತುವ ಒತ್ತಡವು ದಾರದ ಬಿಗಿತವನ್ನು ಕಟ್ಟಿನ ತ್ರಿಜ್ಯದಿಂದ ಭಾಗಿಸಿದಷ್ಟಿರುತ್ತದೆ. ಕಟ್ಟು ಎರಡು ಪಟ್ಟು ದಪ್ಪವಾದರೆ ಅದೇ ದಾರ, ಅದೇ ಬಲ, ಒತ್ತಡ ಮಾತ್ರ ಅರ್ಧ. ನಾನು ಬಿಚ್ಚಿದ ಕಸಬರಿಗೆಯಲ್ಲಿ ನಡುವಿನ ಎಳೆಗಳೇ ಕಿತ್ತು ಬಂದದ್ದು ಇದಕ್ಕೆ ಸಾಕ್ಷಿ. ಆದ್ದರಿಂದ ಎಳೆಗಳನ್ನು ಮುಕ್ಕಾಲು ಅಂಗುಲ ದಪ್ಪದ ಆರು ಸಣ್ಣ ಸಿವುಡುಗಳಾಗಿ ಮಾಡಿ, ಪ್ರತಿಯೊಂದನ್ನೂ ಬೇರೆಯಾಗಿ ಬಿಗಿದು, ಕೊನೆಗೆ ನಡುವೆ ಕೋಲಿಗೆ ಜಾಗ ಬಿಟ್ಟು ಆರನ್ನೂ ದುಂಡಗೆ ಕೂಡಿಸಿ ಮತ್ತೊಮ್ಮೆ ಕಟ್ಟಬೇಕು. ಆರೇ ಏಕೆಂದರೆ, ಒಂದು ದುಂಡು ವಸ್ತುವಿನ ಸುತ್ತ ಅಷ್ಟೇ ದಪ್ಪದ ಆರು ದುಂಡುಗಳು ಸಂದಿಲ್ಲದೆ ಸರಿಯಾಗಿ ಕೂರುತ್ತವೆ. ಒಂದು ರೂಪಾಯಿ ನಾಣ್ಯದ ಸುತ್ತ ಆರು ನಾಣ್ಯ ಇಟ್ಟು ನೋಡಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಹೀಗೆ ಕಟ್ಟಿನೊಳಗೆ ಹೋಗುವ ಕೋಲಿನ ಭಾಗವೂ ನಡುಮಟ್ಟದಲ್ಲಿ ಮುಕ್ಕಾಲು ಅಂಗುಲವಿದ್ದರೆ ಇಡೀ ಕೊರಳು ಎರಡೂಕಾಲು ಅಂಗುಲ ದಪ್ಪವಾಗುತ್ತದೆ. ಪ್ರತಿ ಸಿವುಡಿನ ಒಳಗೂ ಮೂರು ಉದ್ದಗಳಿರಲಿ: ಕೊರಳಿನ ಕೆಳಗೆ ಅಳೆದಾಗ ನಡುವಿನ ಬಿರುಸು ಎಳೆ 8 ಅಂಗುಲ, ಅದರ ಸುತ್ತ 11, ಹೊರಗಿನ ನಯವಾದ ಎಳೆ 14 ಅಂಗುಲ. ಇವು ನನ್ನ ಅಂದಾಜಿನ ಅಳತೆಗಳು, ಶಾಸನವಲ್ಲ. ನಿಮ್ಮ ಗರಿಯ ಉದ್ದ ನೋಡಿ ಹೊಂದಿಸಿಕೊಳ್ಳಿ, ಮೂರು ಮೆಟ್ಟಿಲು ಮಾತ್ರ ತಪ್ಪದಿರಲಿ.

ಯಾವುದರಿಂದ ಕಟ್ಟಬೇಕು? ಸೆಂಟ್ರಿಂಗ್ ಕೆಲಸದವರ ಕರಿ ತಂತಿ ಮೆತ್ತಗಿರುವುದರಿಂದ ಕೈಗೆ ಸುಲಭ, ಆದರೆ ಒಮ್ಮೆ ಹಿಗ್ಗಿದರೆ ಹಿಗ್ಗಿದ್ದೇ. ಜೊತೆಗೆ ತುಕ್ಕು ಹಿಡಿದು ತೊಳೆದ ಫರಸಿಯ ಮೇಲೆ ಕಲೆ ಬಿಡುತ್ತದೆ. ನೈಲಾನ್ ದಾರ ಗಟ್ಟಿ, ಆದರೆ ಎಳೆತದಲ್ಲಿ ದಿನ ಕಳೆದಂತೆ ಉದ್ದವಾಗುತ್ತದೆ, ನೆನೆದಾಗ ಇನ್ನಷ್ಟು ಸಡಿಲುತ್ತದೆ. ನಾರಿನ ಹುರಿ ಇದಕ್ಕೆ ವಿರುದ್ಧ: ಹೊರಸಿನ (ಹಗ್ಗದ ಮಂಚದ) ನುಲಿ ಜೋಲುಬಿದ್ದರೆ ನೀರು ಚಿಮುಕಿಸಿ ಬಿಗಿಗೊಳಿಸುವುದನ್ನು ನೀವೂ ನೋಡಿರುತ್ತೀರಿ. (ನುಲಿ ಎಂದಾಗಲೆಲ್ಲ ನನಗೆ ಪಕ್ಕದ ಬಸವಕಲ್ಯಾಣದ ನುಲಿಯ ಚಂದಯ್ಯನವರ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಹುಲ್ಲು ಕೊಯ್ದು ಹಗ್ಗ ಹೊಸೆಯುವುದನ್ನೇ ಕಾಯಕವಾಗಿಸಿಕೊಂಡಿದ್ದ ಆ ಶರಣರಿಗೆ ನಮ್ಮ ಈ ಚರ್ಚೆ ಹೊಸದೆನಿಸುತ್ತಿರಲಿಲ್ಲ.) ಆದರೆ ನಾರು ಒದ್ದೆಯಲ್ಲಿ ಕೊಳೆಯುತ್ತದೆ. ಇವೆಲ್ಲಕ್ಕಿಂತ ನನಗೆ ಮೆಚ್ಚಿಕೆಯಾದದ್ದು ನಮ್ಮ ಹಳ್ಳಿಗಳಲ್ಲಿ ಯಾರೋ ಯಾವಾಗಲೋ ಕಂಡುಕೊಂಡ ಉಪಾಯ, ಹಳೆಯ ಸೈಕಲ್ ಟ್ಯೂಬು. ಬೆರಳಗಲ ಕತ್ತರಿಸಿದ ಟ್ಯೂಬಿನ ಪಟ್ಟಿಯನ್ನು ಎರಡರಷ್ಟು ಉದ್ದಕ್ಕೆ ಎಳೆದು ಸುತ್ತಿದರೆ, ಒಳಗಿನ ಎಳೆ ಸೊರಗಿದಂತೆಲ್ಲ ರಬ್ಬರು ಅದರ ಹಿಂದೆಯೇ ಒಳಕ್ಕೆ ಬರುತ್ತದೆ. ತಂತಿಗೂ ದಾರಕ್ಕೂ ಈ ಗುಣವಿಲ್ಲ. ರಬ್ಬರಿನ ಶತ್ರು ಬಿಸಿಲು. ಹಾಗಾಗಿ ಎಳೆಗೆ ತಾಗಿ ರಬ್ಬರ್ ಪಟ್ಟಿ, ಅದರ ಮೇಲೆ ಬಿಸಿಲು ಬೀಳದಂತೆ ಒತ್ತೊತ್ತಾಗಿ ಮೇಣ ಸವರಿದ ಸುತಳಿ ಎಂದು ಎರಡು ಪದರು ಮಾಡಿ. ಆರು ಸಿವುಡುಗಳನ್ನು ಕೂಡಿಸುವ ಹೊರಗಟ್ಟಿಗೆ ಮಾತ್ರ 18 ಗೇಜಿನ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಸಾಕು. ಅದರ ತಿರುಚಿದ ತುದಿಯನ್ನು ಇಕ್ಕಳದಿಂದ ಒಳಕ್ಕೆ ಮಡಚದಿದ್ದರೆ ಗುಡಿಸುವವರ ಅಂಗೈ ಹರಿಯುತ್ತದೆ.

ಗಂಟಿನ ಬಗ್ಗೆ ಜನ ವಿಪರೀತ ತಲೆಕೆಡಿಸಿಕೊಳ್ಳುತ್ತಾರೆ. ಹಿಡಿದಿಡುವುದು ಗಂಟಿಗಿಂತ ಹೆಚ್ಚಾಗಿ ಸುತ್ತು. ದಾರಕ್ಕೂ ಎಳೆಗೂ ನಡುವಿನ ಘರ್ಷಣೆಯ ಗುಣಾಂಕವನ್ನು 0.3 ಎಂದು ಹಿಡಿದರೆ ಒಂದು ಪೂರ್ತಿ ಸುತ್ತಿಗೆ ಹಿಡಿತ ಸುಮಾರು 6.6 ಪಟ್ಟಾಗುತ್ತದೆ, ಎರಡು ಸುತ್ತಿಗೆ 43 ಪಟ್ಟು ದಾಟುತ್ತದೆ. ಬಾವಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಒಬ್ಬರೇ ತುಂಬಿದ ಕೊಡವನ್ನು ತಡೆದು ನಿಲ್ಲಿಸುವುದು ಇದೇ ಲೆಕ್ಕದಿಂದ. ಸುತ್ತುಗಳು ಬಿಗಿಯಾಗಿದ್ದರೆ ಗಂಟು ಹೆಸರಿಗೆ ಮಾತ್ರ.

ಬಿಗಿ ಬರುವುದು ಕೈಬಲದಿಂದಲ್ಲ, ಮೈಭಾರದಿಂದ. ದಾರದ ಒಂದು ತುದಿಯನ್ನು ಗೋಡೆಯ ಗೂಟಕ್ಕೆ ಸೊಂಟದ ಎತ್ತರದಲ್ಲಿ ಕಟ್ಟಿ, ಇನ್ನೊಂದು ತುದಿಯನ್ನು ಸಿವುಡಿಗೆ ಸಿಕ್ಕಿಸಿ, ಸಿವುಡನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಹಿಂದಕ್ಕೆ ವಾಲಿ ನಿಲ್ಲಿ. ದಾರ ತಂಬೂರಿಯ ತಂತಿಯಂತೆ ಬಿಗಿದ ಮೇಲೆ ಸಿವುಡನ್ನು ನಿಮ್ಮ ಕಡೆಯಿಂದ ಆಚೆಗೆ ಹೊರಳಿಸುತ್ತಾ ಒಂದೊಂದೇ ಹೆಜ್ಜೆ ಗೋಡೆಯತ್ತ ಹೋಗಿ. ದಾರವನ್ನು ಸಿವುಡಿಗೆ ಸುತ್ತುವ ಬದಲು ಸಿವುಡನ್ನೇ ದಾರದ ಮೇಲೆ ಉರುಳಿಸುವ ಈ ಕ್ರಮದಲ್ಲಿ ಬಿಗಿತ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರುತ್ತದೆ. ಮೊದಲ ಆರು ಸುತ್ತುಗಳು ಒಂದಕ್ಕೊಂದು ತಾಗಿಕೊಂಡು ಗರಿಷ್ಠ ಬಿಗಿಯಲ್ಲಿರಲಿ. ಅಲ್ಲಿಂದ ಕೆಳಗೆ, ಎಳೆಗಳು ಹರಡುವ ಕಡೆಗೆ ಬರುತ್ತಾ, ಸುತ್ತುಗಳ ನಡುವಿನ ಅಂತರವನ್ನು ಹೆಚ್ಚಿಸಿ ವಾಲುವುದನ್ನು ಕಡಿಮೆ ಮಾಡಿ. ಕೊನೆಯ ಎರಡು ಸುತ್ತುಗಳು ಎಳೆಯನ್ನು ಸುಮ್ಮನೆ ತಬ್ಬಿಕೊಂಡಿದ್ದರೆ ಸಾಕು. ಚೂಪು ಅಂಚಿನ ಸಮಸ್ಯೆಗೆ ಪರಿಹಾರ ಇಲ್ಲಿದೆ: ಹಿಡಿತ ಒಂದು ಗೆರೆಯಲ್ಲಿ ತಟ್ಟನೆ ಮುಗಿಯದೆ ಮೂರು ಬೆರಳಷ್ಟು ಜಾಗದಲ್ಲಿ ನಿಧಾನವಾಗಿ ಕರಗುತ್ತದೆ.

ನಿಂತು ಗುಡಿಸಲು ಕೋಲು ಬೇಕು. ಬೆನ್ನು ಬಗ್ಗಿಸಿ ಗುಡಿಸುವ ಕಷ್ಟವನ್ನು ಗುಡಿಸದವರೇ ಕಡೆಗಣಿಸಿದ್ದಾರೆ. ಒಟ್ಟು ಉದ್ದ ಗುಡಿಸುವವರ ಭುಜದ ಎತ್ತರಕ್ಕೆ ಬಂದರೆ ಸಾಕು. ಕೋಲು ಹಿಡಿಯುವ ಜಾಗದಲ್ಲಿ ಒಂದೂಕಾಲು ಅಂಗುಲ ದಪ್ಪವಿದ್ದರೆ ಬೆರಳಿಗೆ ಹಿತ. ಆದರೆ ಉದ್ದ ಕೋಲು ಬಂದ ಕೂಡಲೇ ಕೊರಳಿಗೆ ಹೊಸ ಆಪತ್ತು ಬರುತ್ತದೆ, ಏಕೆಂದರೆ ಕೋಲು ಸನ್ನೆಗೋಲಿನಂತೆ ಕೊರಳನ್ನು ಮೀಟುತ್ತದೆ. ಕೋಲು ಕಟ್ಟಿನೊಳಗೆ ಎಷ್ಟು ಆಳಕ್ಕೆ ಹೋಗಿದೆಯೋ ಅಷ್ಟರ ಮಟ್ಟಿಗೆ ಆ ಮೀಟು ಹಂಚಿಹೋಗುತ್ತದೆ. 3 ಅಂಗುಲ ಹೂತಿದ್ದನ್ನು 6 ಅಂಗುಲ ಹೂತರೆ ಎಳೆಗಳ ಮೇಲೆ ಬೀಳುವ ಬಲ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಆರಂಗುಲಕ್ಕೆ ಕಡಿಮೆ ಮಾಡಬೇಡಿ. ಆ ಆರಂಗುಲವನ್ನು ಬಾಚಿಯಿಂದ ಕೆತ್ತಿ, ಮೇಲೆ ಒಂದು ಅಂಗುಲ, ನಡುವೆ ಮುಕ್ಕಾಲು, ತುದಿಯಲ್ಲಿ ಅರ್ಧ ಅಂಗುಲ ಬರುವಂತೆ ಮೊನೆ ಮಾಡಿ. ಆರು ಸಿವುಡುಗಳ ಹೊರಗಟ್ಟು ಮುಗಿದ ಮೇಲೆ ಈ ಮೊನೆಯನ್ನು ಮೇಲಿನಿಂದ ನಡುವಿಗೆ ಇಟ್ಟು ಕೊಡತಿಯಿಂದ ಬಡಿದು ಇಳಿಸಬೇಕು. ಹೊರಗಿನಿಂದ ತಂತಿ ಒಳಕ್ಕೆ ಒತ್ತುತ್ತಿದ್ದರೆ ಒಳಗಿನಿಂದ ಕೋಲು ಹೊರಕ್ಕೆ ಒತ್ತುತ್ತದೆ, ಎಳೆ ನಡುವೆ ಸಿಕ್ಕಿಕೊಳ್ಳುತ್ತದೆ. ನನ್ನ ತಾಯಿ ತೆಂಗಿನ ಕಡ್ಡಿಯ ಕಸಬರಿಗೆ ಸಡಿಲವಾದಾಗ ಬುಡವನ್ನು ನೆಲಕ್ಕೆ ಕುಟ್ಟಿ ಸಮಮಾಡಿ, ನಡುವೆ ಒಂದು ಬೇವಿನ ಗೂಟ ಬಡಿಯುತ್ತಿದ್ದರು. ನಾನು ಕಾಲೇಜಿನಲ್ಲಿ ಬೆಣೆಯ ಪಾಠ ಓದುವ ಎಷ್ಟೋ ಮೊದಲೇ ಅದು ನಮ್ಮ ಪಡಸಾಲೆಯಲ್ಲಿ ನಡೆಯುತ್ತಿತ್ತು.

ಕೋಲಿಗೆ ಗಟ್ಟಿ ಬಿದಿರು ಅಥವಾ ನೇರವಾಗಿ ಬೆಳೆದ ಜಾಲಿಯ ಕೊಂಬೆ ಆಗಬಹುದು. ಬಿದಿರಿಗೆ ನೇರವಾಗಿ ಮೊಳೆ ಬಡಿದರೆ ನಮ್ಮ ಒಣ ಹವೆಯಲ್ಲಿ ಸೀಳು ಬಿಡುವುದು ಖಂಡಿತ. ಕೋಲು ಜಾರದಂತೆ ಅಡ್ಡಗೂಟ ಹಾಕಲು ಬೈರಿಗೆಯಿಂದ ತೂತು ಕೊರೆದು, ತೂತಿನ ಮೇಲೆ ಕೆಳಗೆ ತಂತಿಯ ನಾಲ್ಕು ನಾಲ್ಕು ಸುತ್ತು ಹಾಕಿ, ಆಮೇಲೆ ಗೂಟ ಇಳಿಸಿ. ಹಸಿ ಬಿದಿರನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು ನೆರಳಿನಲ್ಲಿ ಒಣಗಿಸಿದರೆ ಒಳಗಿನ ಪಿಷ್ಟದ ಅಂಶ ಕಡಿಮೆಯಾಗಿ ಹುಳ ಬೀಳುವುದು ಕಡಿಮೆಯಾಗುತ್ತದೆ.

ಇನ್ನು ಕೊನೆಯ ಹಂತ, ಕಸಬರಿಗೆಯನ್ನು ಚಪ್ಪಟೆ ಮಾಡುವುದು. ದುಂಡು ಕಸಬರಿಗೆ ಒಂದು ಸಲಕ್ಕೆ ಗುಡಿಸುವ ಅಗಲ ಕಡಿಮೆ, ಎಳೆಗಳು ದಿಕ್ಕಿಗೊಂದು ಬಾಗುತ್ತವೆ. ಅಮೆರಿಕದಲ್ಲಿಯೂ ಕಸಬರಿಗೆಗಳು ಮೊದಲು ದುಂಡಗೇ ಇದ್ದವು. 1798ರ ಸುಮಾರಿಗೆ ನ್ಯೂಯಾರ್ಕ್ ಸೀಮೆಯ ವಾಟರ್‌ವ್ಲಿಯೆಟ್‌ನಲ್ಲಿ ಶೇಕರ್ ಎಂಬ ಕ್ರೈಸ್ತ ಪಂಥದ ಥಿಯೋಡೋರ್ ಬೇಟ್ಸ್ ಎಂಬವರು ಅದನ್ನು ಅಚ್ಚಿನ ನಡುವೆ ಒತ್ತಿ ಚಪ್ಪಟೆ ಮಾಡಿ ದಾರದಿಂದ ಹೊಲಿದರೆಂದು ಹೇಳಲಾಗುತ್ತದೆ. ಹೊಲಿಗೆ ಎಳೆಗಳನ್ನು ಒಟ್ಟುಗೂಡಿಸಿ ಹಿಡಿಯುವುದರಿಂದ, ಒಂದು ಎಳೆಯ ಮೇಲೆ ಬಿದ್ದ ಭಾರವನ್ನು ಪಕ್ಕದ ಹತ್ತು ಎಳೆಗಳು ಹೊರುತ್ತವೆ. ನೀವು ಎರಡು ಹಲಗೆಗಳ ನಡುವೆ ಸಿವುಡುಗಳನ್ನು ಬೀಸಣಿಗೆಯಂತೆ ಹರಡಿ ಒತ್ತಿಟ್ಟು, ಗೋಣಿಚೀಲ ಹೊಲಿಯುವ ದಬ್ಬಣದಿಂದ ಎರಡು ಸಾಲು ಹೊಲಿಯಿರಿ. ಮೊದಲ ಸಾಲು ಕೊರಳಿನಿಂದ 3 ಅಂಗುಲ ಕೆಳಗೆ, ಎರಡನೆಯದು 5 ಅಂಗುಲ ಕೆಳಗೆ. ಅದಕ್ಕಿಂತ ಕೆಳಗೆ ಹೊಲಿದರೆ ತುದಿಗೆ ನಯ ಉಳಿಯುವುದಿಲ್ಲ.

ಆ ಅಮೆರಿಕದ ಕಸಬರಿಗೆ ಯಾವುದರಿಂದ ಆಗುತ್ತಿತ್ತು ಎಂದರೆ ನಿಮಗೆ ಆಶ್ಚರ್ಯವಾದೀತು: ಜೋಳದಿಂದ. ನಾವು ರೊಟ್ಟಿ ಬಡಿಯುವ ಜೋಳದ ಜಾತಿಯದೇ ಒಂದು ಬಗೆ, ಕಾಳಿಗಾಗಿ ಅಲ್ಲದೆ ತೆನೆಯ ಉದ್ದನೆಯ ಕವಲುಗಳಿಗಾಗಿ ಬೆಳೆಯುವಂಥದು. ಜಪಾನಿನಲ್ಲಿಯೂ ಮನೆಯೊಳಗಿನ ಒಳ್ಳೆಯ ಕಸಬರಿಗೆಗೆ ಇಂಥ ಜೋಳವನ್ನೇ ಬಳಸುತ್ತಾರೆ. ನಮ್ಮ ಹಿಂಗಾರಿನ ಮಾಲದಂಡಿ ಜೋಳದ ತೆನೆ ಮುದ್ದೆಯಾಗಿರುವುದರಿಂದ ಅದರ ಕವಲು ಗಿಡ್ಡ, ಕಸಬರಿಗೆಗೆ ಬಾರದು. ಕಸಬರಿಗೆ ಜೋಳದ ಬೀಜ ಎಲ್ಲಾದರೂ ಸಿಕ್ಕಿ ಬೆಳೆಯಬೇಕೆನಿಸಿದರೆ ಮೊದಲು ಕೃಷಿ ವಿಜ್ಞಾನ ಕೇಂದ್ರದವರೊಡನೆ ಮಾತಾಡಿ, ಮತ್ತು ತಿನ್ನುವ ಜೋಳದ ಹೊಲದ ಪಕ್ಕದಲ್ಲಿ ಮಾತ್ರ ಹಾಕಬೇಡಿ. ಎರಡರ ಪರಾಗ ಬೆರೆತು ಮುಂದಿನ ವರ್ಷದ ಬಿತ್ತನೆ ಬೀಜ ಕೆಡುತ್ತದೆ. ಸದ್ಯಕ್ಕೆ ನಿಮಗೆ ಸಿಂದಿಯೇ ಸಾಕು.

ಮಾರುವ ಮೊದಲು ಪರೀಕ್ಷೆ ಮಾಡಿ. ಹೊರಗಿನ ಒಂದು, ನಡುವಿನ ಒಂದು ಎಂದು ಹತ್ತು ಎಳೆಗಳನ್ನು ಆರಿಸಿ, ಒಂದೊಂದನ್ನೂ ಕೈಯಲ್ಲಿ ಹಿಡಿಯುವ ಸ್ಪ್ರಿಂಗ್ ಕಾಟಾದ ಕೊಕ್ಕೆಗೆ ಸುತ್ತಿ ಎಳೆಯಿರಿ. ಎಳೆ ತಾನು ಮುರಿಯುವ ಮೊದಲು ಕಟ್ಟಿನಿಂದ ಜಾರಿ ಬಂದರೆ ಕಟ್ಟು ಸೋತಿದೆ. ಮುರಿದು ಬಂದರೆ ಕಟ್ಟು ಗೆದ್ದಿದೆ, ಅದಕ್ಕಿಂತ ಹೆಚ್ಚು ಬಿಗಿಯುವುದರಿಂದ ಲಾಭವಿಲ್ಲ. ಇನ್ನೊಂದು, ಬಿಳಿ ಧೋತರದ ಮೇಲೆ ಐವತ್ತು ಸಲ ಜೋರಾಗಿ ಕೊಡವಿ ಬಿದ್ದ ಎಳೆಗಳನ್ನು ಎಣಿಸುವುದು. ಪೇಟೆಯ ಕಸಬರಿಗೆಯೊಂದನ್ನೂ ಪಕ್ಕದಲ್ಲಿಟ್ಟು ಇವೇ ಪರೀಕ್ಷೆಗಳನ್ನು ಮಾಡಿ ವಹಿಯಲ್ಲಿ ಬರೆದಿಟ್ಟರೆ ಗಿರಾಕಿಗೆ ತೋರಿಸಲು ಬೇರೆ ಜಾಹೀರಾತು ಬೇಡ.

ದೀಪಾವಳಿಯ ಆಲೋಚನೆ ಸರಿಯಾಗಿದೆ. ಲಕ್ಷ್ಮೀಪೂಜೆಗೆ ಹೊಸ ಕಸಬರಿಗೆ ತಂದು ಅರಿಶಿನ ಕುಂಕುಮ ಹಚ್ಚುವ ರೂಢಿ ಬೀದರ ಕಡೆ, ಮರಾಠಿ ಮಾತಾಡುವ ಮನೆಗಳಲ್ಲಿ ಬಲವಾಗಿದೆ. ಅವರು ಕೇರಸುಣಿ ಎನ್ನುವ ಆ ಕಸಬರಿಗೆಯೂ ಸಿಂದಿ ಗರಿಯದೇ. ಕಸಬರಿಗೆಯನ್ನು ಎಳೆಗಳ ಮೇಲೆ ನಿಲ್ಲಿಸಿಟ್ಟರೆ ಭಾರಕ್ಕೆ ಎಳೆ ಬಾಗಿ ಹಾಗೆಯೇ ಉಳಿದುಬಿಡುತ್ತದೆ, ಆದ್ದರಿಂದ ಕೋಲಿನ ತಲೆಗೆ ಒಂದು ಕುಣಿಕೆ ಹಾಕಿಯೇ ಮಾರಿ. ಬೆಲೆಯ ಬಗ್ಗೆ ಒಂದೇ ಮಾತು: ಪೇಟೆಯದಕ್ಕಿಂತ ನಿಮ್ಮದು ದುಬಾರಿಯಾಗುವುದು ಅನಿವಾರ್ಯ, ಏಕೆಂದರೆ ಅರ್ಧ ದಿನದ ಕೆಲಸ ಅದರಲ್ಲಿದೆ. ಅದನ್ನು ಮುಚ್ಚಿಡುವ ಬದಲು, ಹೊರಗಟ್ಟಿನ ತಂತಿ ಬಿಚ್ಚಿ ಸವೆದ ಸಿವುಡುಗಳನ್ನಷ್ಟೇ ಬದಲಿಸಿಕೊಡುವ ಕೆಲಸವನ್ನೂ ಸಂಘವೇ ವಹಿಸಿಕೊಳ್ಳಲಿ. ಕೋಲು ಹತ್ತು ವರ್ಷ ಬಾಳುವಾಗ ಇಡೀ ಕಸಬರಿಗೆಯನ್ನು ತಿಪ್ಪೆಗೆ ಎಸೆಯಬೇಕಾಗಿಲ್ಲ.

ಯಂತ್ರವನ್ನು ಈಗ ಕೊಳ್ಳಬೇಡಿ. ಗೋಡೆಗೊಂದು ಗೂಟ, ಮೊಳೆ ಬಡಿದ ಬಾಚಣಿಗೆ ಹಲಗೆ, ಎರಡು ದಬ್ಬಣ, ಇಕ್ಕಳ, ಕೊಡತಿ, ಸ್ಪ್ರಿಂಗ್ ಕಾಟಾ, ಇಷ್ಟರಿಂದ ಹತ್ತು ಮಂದಿ ಕೆಲಸ ಮಾಡಬಹುದು; ಮೊದಲ ಹತ್ತು ಕಸಬರಿಗೆಗಳನ್ನು ಮಾರದೆ ನಿಮ್ಮ ಹತ್ತು ಮನೆಗಳಲ್ಲೇ ಬಳಸಿ. ಯುಗಾದಿಗೆ ಕಟ್ಟಿದ್ದನ್ನು ದಸರೆಯ ಹೊತ್ತಿಗೆ ಒಂದೆರಡು ಬಿಚ್ಚಿ, ಎಳೆಗಳು ಯಾವ ಸುತ್ತಿನ ಬಳಿ ಮುರಿದಿವೆ ಎಂದು ಅಳೆದು ನನಗೆ ಬರೆದು ತಿಳಿಸಿದರೆ, ಕೆಳಗಿನ ಸುತ್ತುಗಳ ಅಂತರವನ್ನು ಎಷ್ಟು ಬದಲಿಸಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ.